‘ಭೇಟಿಗೆ ಸೂಕ್ತ ಕಾಲ’: ಒಂದು ಸಾಲಿನ ವಿಮರ್ಶೆ

ವಿಮರ್ಶಕರು ಕಾದಂಬರಿಯನ್ನು ವಿಮರ್ಶಿಸುತ್ತಾರೆ, ಕವನ ಸಂಕಲನವನ್ನು ವಿಮರ್ಶಿಸುತ್ತಾರೆ, ಆಗೀಗ ಒಂದು ಪ್ರವಾಸಕಥನವನ್ನೂ ಕೈಗೆತ್ತಿಕೊಳ್ಳುತ್ತಾರೆ. ಆದರೆ ಪ್ರವಾಸಲೇಖನದ ಕೊನೆಯಲ್ಲಿ ಚೌಕವೊಂದರೊಳಗೆ ಅಚ್ಚಾಗುವ ನಾಲ್ಕು ಸಾಲುಗಳನ್ನು ಯಾರೂ ವಿಮರ್ಶೆಗೆ ಒಡ್ಡಿದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನಿಂದ ಎಷ್ಟು ದೂರ, ಬಸ್ಸು ಎಲ್ಲಿಂದ, ಉಳಿದುಕೊಳ್ಳಲು ಏನು ಅನುಕೂಲ, ಕೊನೆಗೆ ‘ಭೇಟಿಗೆ ಸೂಕ್ತ ಕಾಲ: ಅಕ್ಟೋಬರ್‌ನಿಂದ ಮಾರ್ಚ್’. ಮೇಲಿನ ಲೇಖನವನ್ನು ಅರ್ಧಕ್ಕೇ ಬಿಡುವವರೂ ಈ ಚೌಕವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಲೇಖಕರ ವರ್ಣನೆಯನ್ನು ಅನುಮಾನಿಸುವವರು ಕೂಡ ಈ ಸಾಲನ್ನು ಅನುಮಾನಿಸುವುದಿಲ್ಲ. ಅಷ್ಟು ಜನ ಓದಿ, ಅಷ್ಟು ಜನ ನಂಬುವ ಬರಹಕ್ಕೆ ಒಂದು ವಿಮರ್ಶೆ ಸಲ್ಲಬೇಡವೆ? ಮೂವತ್ತು ವರ್ಷಗಳ ಹತ್ತಿರ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ಒಂದೇ ಉತ್ತರ ಎಲ್ಲರ ಹಾಳೆಯಲ್ಲೂ ಒಂದೇ ರೀತಿ ಬಂದಿದ್ದರೆ ಅದನ್ನು ಯಾರ ಹಾಳೆ ನೋಡಿ ಬರೆದರು ಎಂದು ಹುಡುಕುವುದು ನಮ್ಮ ಅಭ್ಯಾಸ.

ಈ ಸಾಲನ್ನು ನಾನು ಮೈಸೂರಿನ ಮೇಲೆ ಓದಿದ್ದೇನೆ, ಹಂಪಿಯ ಮೇಲೆ ಓದಿದ್ದೇನೆ, ಬಿಳಿಗಿರಿರಂಗನ ಬೆಟ್ಟದ ಮೇಲೂ ಓದಿದ್ದೇನೆ. ಆದರೆ ಅದು ಹೇಳಿ ಮಾಡಿಸಿದ ಹಾಗೆ ಒಪ್ಪುವುದನ್ನು ಕಂಡದ್ದು ರಾಜಸ್ಥಾನದ ಜೈಸಲ್ಮೇರ್‌ನಲ್ಲಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಈ ಮರುಭೂಮಿಯ ನಗರಕ್ಕೆ ನಾವು ಕೆಲವು ಶಿಕ್ಷಕಿಯರು ಸೇರಿ ಒಂದು ಡಿಸೆಂಬರ್‌ನಲ್ಲಿ ಹೋಗಿದ್ದೆವು. ಅಲ್ಲಿ ಬೇಸಿಗೆ ಎಂದರೆ ನಮ್ಮ ಕಲ್ಪನೆಗೆ ಮೀರಿದ್ದು. ಜೋಧಪುರದಿಂದ ಜೈಸಲ್ಮೇರ್‌ಗೆ ಹೋಗುವ ರೈಲುಹಾದಿಯಲ್ಲಿ ಫಲೋಡಿ ಎಂಬ ಊರಿದೆ. 2016ರ ಮೇ 19ರಂದು ಅಲ್ಲಿ 51 ಡಿಗ್ರಿ ಬಿಸಿಲು ದಾಖಲಾಯಿತು. ಮೇ ಜೂನ್‌ನಲ್ಲಿ ಮರಳುಗಾಳಿ ಎದ್ದರೆ ಹಗಲೇ ಕತ್ತಲಾಗುತ್ತದೆಯಂತೆ. ವರ್ಷದ ಮಳೆ 200 ಮಿಲಿಮೀಟರಿನ ಆಸುಪಾಸು, ಅದರಲ್ಲೂ ಬಹುಪಾಲು ಜುಲೈ ಆಗಸ್ಟ್‌ನಲ್ಲಿ. ಇಂಥ ಊರಿಗೆ ‘ಅಕ್ಟೋಬರ್‌ನಿಂದ ಮಾರ್ಚ್’ ಎಂದು ಬರೆದವರು ಓದುಗರಿಗೆ ಉಪಕಾರವನ್ನೇ ಮಾಡಿದ್ದಾರೆ. ಆ ಊರಿನ ಮರುಭೂಮಿ ಉತ್ಸವವೂ ಮಾಘಮಾಸದ ಹುಣ್ಣಿಮೆಯ ದಿನಗಳಲ್ಲೇ ನಡೆಯುತ್ತದೆ.

ಆದರೂ ಆ ಸಾಲು ಅಲ್ಲಿಯೂ ಪೂರ್ತಿ ನಿಜವಲ್ಲ. ‘ಚಳಿಗಾಲ ಹಿತಕರ’ ಎಂದು ಓದಿಕೊಂಡು ಹೋದ ನಾವು ಹತ್ತಿ ಸೀರೆ, ಒಂದೊಂದು ಸ್ವೆಟರ್ ಒಯ್ದಿದ್ದೆವು. ಹಗಲು ನಿಜಕ್ಕೂ ಹಿತವೇ. ಸಮ್ ಎಂಬಲ್ಲಿ ಮರಳದಿಣ್ಣೆಗಳ ಮೇಲೆ ಸೂರ್ಯ ಮುಳುಗಿದ್ದೇ ತಡ, ಯಾರೋ ಒಲೆಗೆ ನೀರು ಹೊಯ್ದ ಹಾಗೆ ಮರಳು ತಣ್ಣಗಾಯಿತು. ಆ ರಾತ್ರಿ ಹಲ್ಲು ಕಟಕಟಿಸುತ್ತ ಕುಳಿತವರಿಗೆ ‘ಹಿತಕರ’ ಎಂಬ ಪದದ ಅರ್ಥ ತಿಳಿಯಿತು: ಅದು ಹಗಲು ನೋಡಿ ಸಂಜೆ ಹೋಟೆಲಿಗೆ ಮರಳುವವರ ಪದ. ಇನ್ನು ಮಳೆ. ಮರುಭೂಮಿಯಲ್ಲಿ ಮಳೆಯ ಮಾತೇಕೆ ಎಂದು ಚೌಕದ ಬರಹಗಾರರು ಅದನ್ನು ಬಿಟ್ಟೇಬಿಡುತ್ತಾರೆ. 2006ರ ಆಗಸ್ಟ್‌ನಲ್ಲಿ ಪಕ್ಕದ ಬಾಡಮೇರ್ ಜಿಲ್ಲೆಯಲ್ಲಿ ಮಳೆ ಸುರಿದು ನೂರಕ್ಕೂ ಹೆಚ್ಚು ಜನ ಸತ್ತರು. ಕವಾಸ್ ಎಂಬ ಊರು ಮುಳುಗಿತು. ನೆಲದಡಿಯ ಜಿಪ್ಸಂ ಪದರದಿಂದಾಗಿ ನೀರು ಇಂಗದೆ ವಾರಗಟ್ಟಲೆ ನಿಂತಿತು. 2024ರ ಆಗಸ್ಟ್‌ನಲ್ಲಿ ಜೈಸಲ್ಮೇರ್ ಕೋಟೆಗೋಡೆಯ ಒಂದು ಭಾಗವೇ ಮಳೆಗೆ ಕುಸಿಯಿತು. ಇತ್ತ ಅದೇ ಊರಿನ ಗಡೀಸರ್ ಕೆರೆಯನ್ನು ನೋಡಿದರೆ, ನೂರಾರು ವರ್ಷ ಆ ಜನ ಮಳೆಯ ಒಂದೊಂದು ಹನಿಗೂ ಕೈಯೊಡ್ಡಿ ನಿಂತಿದ್ದರೆಂದು ತಿಳಿಯುತ್ತದೆ. ನಮಗೆ ‘ಸೂಕ್ತವಲ್ಲ’ವಾದ ತಿಂಗಳು ಅವರಿಗೆ ವರ್ಷವಿಡೀ ಕಾದ ತಿಂಗಳು.

ಹೀಗೆ ಮರುಭೂಮಿಗೇ ಅರ್ಧಂಬರ್ಧ ಒಪ್ಪುವ ಈ ಸಾಲನ್ನು ಒಂದಕ್ಷರವೂ ತಿದ್ದದೆ ನಮ್ಮ ಪಕ್ಕದ ತಲಕಾಡಿಗೆ ಅಂಟಿಸಿದ್ದಾರೆ. ಇದೇ ನನ್ನ ಮುಖ್ಯ ಆಕ್ಷೇಪ. ತಲಕಾಡನ್ನು ‘ಕರ್ನಾಟಕದ ಮರುಭೂಮಿ’ ಎಂದು ಕರೆಯುವುದು ರೂಢಿ. ಗಂಗರು ಆಳಿದ ರಾಜಧಾನಿ, ಚೋಳರು ಗೆದ್ದು ರಾಜರಾಜಪುರವೆಂದು ಹೆಸರಿಟ್ಟ ಊರು, ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ ಎಂಬ ಬಿರುದು ಕೊಟ್ಟ ಊರು, ಈಗ ಮರಳಿನಡಿ ಮಲಗಿದೆ. ಮರಳಿದೆ ಎಂದಮೇಲೆ ಮರುಭೂಮಿ. ಮರುಭೂಮಿ ಎಂದಮೇಲೆ ಅಕ್ಟೋಬರ್‌ನಿಂದ ಮಾರ್ಚ್. ಈ ತರ್ಕದಲ್ಲಿ ಕಾವೇರಿ ಇಲ್ಲ, ಮುಂಗಾರು ಇಲ್ಲ, ಹಿಂಗಾರು ಇಲ್ಲ.

ಧನಗೆರೆಯ ಶಾಲೆಯ ಅಂಗಳದಲ್ಲಿ ನಿಂತು ನೋಡಿದರೆ ನಮ್ಮ ವರ್ಷ ಹೇಗಿದೆ? ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಮಲೆನಾಡಿನ ಜಡಿಮಳೆ ಇಲ್ಲ. ಪಶ್ಚಿಮಘಟ್ಟದಲ್ಲಿ ಮಳೆ ಸುರಿಸಿ ಹಗುರಾದ ಮೋಡಗಳು ಜೂನ್ ಜುಲೈನಲ್ಲಿ ನಮ್ಮ ತಲೆಯ ಮೇಲೆ ಓಡಿಹೋಗುತ್ತವೆ. ಅವು ಕೊಡುವುದು ನೆರಳು, ತುಂತುರು ಮತ್ತು ಗಾಳಿ. ನಮಗೆ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಭರಣಿ, ಕೃತ್ತಿಕೆಯಲ್ಲಿ ಗುಡುಗು ಸಿಡಿಲಿನೊಡನೆ ಒಮ್ಮೆ. ಉತ್ತರೆ, ಹಸ್ತೆ, ಚಿತ್ತೆ, ಸ್ವಾತಿಯಲ್ಲಿ ಇನ್ನೊಮ್ಮೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳೇ ನಮ್ಮಲ್ಲಿ ಮಳೆಯ ಭರದ ತಿಂಗಳುಗಳು. ‘ಕುರುಡು ಚಿತ್ತೆ’ ಎಂದು ನಮ್ಮ ರೈತರು ಕರೆಯುವ ಮಳೆ ಅಕ್ಟೋಬರ್‌ನದೇ. ಒಂದು ಹೊಲಕ್ಕೆ ಸುರಿದು ಬದುವಿನಾಚೆಯ ಹೊಲವನ್ನು ಬಿಡುವ ಮಳೆ ಅದು. ಆ ತಿಂಗಳಿನಿಂದಲೇ ‘ಸೂಕ್ತ ಕಾಲ’ ಶುರು!

ಇನ್ನು ಸಾಲಿನ ಆ ತುದಿ, ಮಾರ್ಚ್. ಶಿವರಾತ್ರಿ ಕಳೆದರೆ ತಲಕಾಡಿನ ಮರಳು ಪುರಿ ಹುರಿಯುವ ಬಾಣಲೆಯ ಮರಳಾಗುತ್ತದೆ. ವೈದ್ಯೇಶ್ವರನ ಗುಡಿಯಿಂದ ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಎಂದು ನಡೆಯಬೇಕಾದದ್ದು ಮರಳಿನ ಮೇಲೆ. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡಲೇಬೇಕು. ಹನ್ನೆರಡು ಗಂಟೆಯ ಬಸ್ಸಿಗೆ ಬಂದಿಳಿದ ಕುಟುಂಬಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ನೆರಳಿಂದ ನೆರಳಿಗೆ ಓಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾರ್ಚ್‌ನಲ್ಲಿ ಬರಬಾರದೆಂದಲ್ಲ, ಬೆಳಿಗ್ಗೆ ಒಂಬತ್ತರೊಳಗೆ ಬರಬೇಕು. ಚೌಕದ ಬರಹಗಾರರಿಗೆ ತಿಂಗಳು ಗೊತ್ತು, ಹೊತ್ತು ಗೊತ್ತಿಲ್ಲ.

ಸಾಲು ಬಿಟ್ಟುಬಿಟ್ಟ ತಿಂಗಳುಗಳಲ್ಲಿ ಏನಿದೆ? ಆಷಾಢವಿದೆ, ಆಷಾಢದ ಗಾಳಿಯಿದೆ. ಅದರ ಮಾತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತಲಕಾಡಿನ ಮರಳನ್ನು ಅಲಮೇಲಮ್ಮನ ಶಾಪಕ್ಕೆ ಸೇರಿಸಿ ಹೇಳುವುದು ನಾಲ್ಕು ಶತಮಾನದ ವಾಡಿಕೆ. 1610ರ ಸುಮಾರಿಗೆ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದ ಮೇಲೆ ಒಡವೆಗಳಿಗಾಗಿ ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಆಕೆ ಹೊಳೆಗೆ ಹಾರಿದಳು, ತಲಕಾಡು ಮರಳಾಗಲೆಂದು, ಮಾಲಂಗಿ ಮಡುವಾಗಲೆಂದು ಶಪಿಸಿದಳು ಎಂಬ ಕಥೆ ಇಲ್ಲಿಯ ಮಕ್ಕಳಿಗೂ ಗೊತ್ತು. ನಿರಾಶ್ರಿತ ಹೆಣ್ಣೊಬ್ಬಳ ಸಂಕಟವನ್ನು ಜನ ಮರೆಯಲಿಲ್ಲವಲ್ಲ ಎಂದು ನನಗೆ ಆ ಕಥೆಯ ಮೇಲೆ ಗೌರವವಿದೆ. ಆದರೆ ಮರಳು ನಡೆದುಬಂದ ದಾರಿಯನ್ನು ಬೇರೆಯವರೂ ಬರೆದಿಟ್ಟಿದ್ದಾರೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ, ಇಲ್ಲಿಯ ಮರಳದಿಣ್ಣೆಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರಿನತ್ತ ಸರಿಯುತ್ತಿದ್ದವೆಂದು ಹೇಳಿದ್ದಾರೆ. ಜನ ಮನೆಗಳನ್ನು ಬಿಟ್ಟು ಹಿಂದಕ್ಕೆ ಹಿಂದಕ್ಕೆ ಹೋಗಬೇಕಾಗಿತ್ತಂತೆ. ಈ ಚಲನೆ ಮುಖ್ಯವಾಗಿ ನೈಋತ್ಯ ಮುಂಗಾರಿನ ಕಾಲದ್ದು ಎಂಬುದನ್ನೂ ಅವರು ಗುರುತಿಸಿದ್ದಾರೆ.

ನಮ್ಮ ಕಾಲದಲ್ಲಿ ಕೃಷಿವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು ಇದರ ಕಾರಣವನ್ನು ಹೊಳೆಯ ಪಾತ್ರದಲ್ಲೇ ಹುಡುಕಿದರು. ತಲಕಾಡಿನ ಬಳಿ ಕಾವೇರಿ ಬಾಗುತ್ತಾಳೆ, ಬಾಗಿದಲ್ಲಿ ಮರಳು ಬಿಡುತ್ತಾಳೆ. ವಿಜಯನಗರದ ಕಾಲದಲ್ಲಿ ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ಪಾತ್ರದಲ್ಲಿ ನೀರು ತಗ್ಗಿ ಮರಳು ಬಯಲಾಯಿತು. ಬಯಲಾದ ಮರಳನ್ನು ನೈಋತ್ಯದ ಗಾಳಿ ಎಡದಂಡೆಯ ಊರಿನ ಮೇಲೆ ತಂದು ಸುರಿಯಿತು. ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಗುಡಿಗಳಿಗೆ ಮರಳನ್ನೂ ಕೊಟ್ಟಿತು ಎಂದಹಾಗಾಯಿತು. ಈಗ ನೀಲಗಿರಿ ಮರಗಳು ದಿಣ್ಣೆಗಳನ್ನು ಸಾಕಷ್ಟು ಹಿಡಿದು ನಿಲ್ಲಿಸಿವೆ. ಆದರೂ ಆಷಾಢದ ಒಂದು ಮಧ್ಯಾಹ್ನ ದಿಣ್ಣೆಯ ನೆತ್ತಿಯಲ್ಲಿ ನಿಂತರೆ ಕಾಲಬುಡದಲ್ಲಿ ಮರಳು ಹೊಗೆಯಂತೆ ಸರಿಯುವುದು ಕಾಣುತ್ತದೆ. ಆಗ ಈ ಊರು ಹೇಗೆ ಹೂತುಹೋಯಿತೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಪ್ರವಾಸಿಗರು ನೋಡಲು ಬರುವುದು ಯಾವುದನ್ನೋ, ಅದನ್ನು ಮಾಡಿದ ಕಾಲಕ್ಕೇ ‘ಬರಬೇಡಿ’ ಎನ್ನುತ್ತದೆ ಈ ಸಾಲು. ಬಿಸಿಲಿಲ್ಲದ, ಮಳೆಯೂ ಹೆಚ್ಚಿಲ್ಲದ ಆ ದಿನಗಳು ತಲೆಗೆ ಸೆರಗು ಸುತ್ತಿಕೊಂಡು ಕಣ್ಣು ಕಾಪಾಡಿಕೊಳ್ಳಬಲ್ಲವರಿಗೆ ತಲಕಾಡನ್ನು ಅರ್ಥಮಾಡಿಕೊಳ್ಳುವ ದಿನಗಳು.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಕಾಲು ಸುಟ್ಟರೆ ಆರುತ್ತದೆ, ಕಣ್ಣಿಗೆ ಮರಳು ಬಿದ್ದರೆ ತೊಳೆದುಕೊಳ್ಳಬಹುದು. ಆದರೆ ತಲಕಾಡಿಗೆ ಬಂದವರು ಮರಳು ನೋಡಿ ಹೊಳೆಗೆ ಇಳಿಯುತ್ತಾರೆ. ಹೊಳೆಯ ಹವಾಮಾನ ನಮ್ಮ ಆಕಾಶದಲ್ಲಿಲ್ಲ.

ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಕಾವೇರಿ ತಲಕಾಡಿಗೆ ಬರುತ್ತಾಳೆ. ಕಪಿಲೆಯ ನೀರು ವೈನಾಡಿನದು, ಕಾವೇರಿಯದು ಕೊಡಗಿನದು. ಎರಡಕ್ಕೂ ಮೇಲೆ ಜಲಾಶಯಗಳಿವೆ. ಕಬಿನಿ ಬೇಗ ತುಂಬುತ್ತದೆ. ಕನ್ನಂಬಾಡಿ ತುಂಬಿದ ಮೇಲೆ ಎರಡೂ ಕಡೆಯಿಂದ ನೀರು ಬಿಡುತ್ತಾರೆ. ಆಗ ನಮ್ಮಲ್ಲಿ ಮಳೆಯ ಹನಿಯೂ ಇಲ್ಲದಿರಬಹುದು, ರಾಗಿ ಪೈರು ಬಾಡುತ್ತಿರಬಹುದು. ಹೊಳೆ ಮಾತ್ರ ದಡ ಮುಟ್ಟಿ ಹರಿಯುತ್ತಿರುತ್ತದೆ. ಹೊಳೆಯಲ್ಲಿ ತೆಪ್ಪ ಹಾಕುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿದ ಮಾತು ಯಾವ ಪ್ರವಾಸದ ಪುಸ್ತಕದಲ್ಲೂ ಇಲ್ಲ: “ಈ ನೀರು ನಮ್ಮೂರ ಮಳೇಲಿ ಬರದಿಲ್ಲ ಕನವ್ವ, ಬ್ಯಾರೆಯವರೂರ ಮಳೇಲಿ ಬತ್ತದ. ಮ್ಯಾಲ ನೋಡ್ಕಂಡು ಇಳೀಬ್ಯಾಡಿ.” 2018 ಮತ್ತು 2019ರಲ್ಲಿ ಹೊಳೆ ಉಕ್ಕಿ ಕೊಳ್ಳೇಗಾಲ ತಾಲ್ಲೂಕಿನ ನದೀತೀರದ ಊರುಗಳಿಗೆ ನುಗ್ಗಿದ್ದು ಹೀಗೆಯೇ. ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಕೊಚ್ಚಿಹೋಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿನ ಗೆಳೆಯರನ್ನು ಕರೆದುಕೊಂಡು ತಲಕಾಡಿಗೆ ಹೋಗಿದ್ದ. ಅದು ಅಕ್ಟೋಬರ್, ಸೂಕ್ತ ಕಾಲ. ಹೋದವರು ಐವರು, ಬಂದವರು ನಾಲ್ವರು. ಎಷ್ಟೋ ದಿನಗಳ ಮೇಲೆ ಮನೆಗೆ ಬಂದು ಕುಳಿತವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಂದ: “ಟೀಚರ್, ಅವತ್ತು ಮೋಡಾನೇ ಇರಲಿಲ್ಲ. ಬೆಳಿಗ್ಗೆ ಮೊಣಕಾಲುದ್ದ ನೀರಿತ್ತು.” ಆ ಹುಡುಗರು ಮೂರ್ಖರಲ್ಲ. ಅವರು ಆಕಾಶ ನೋಡಿದ್ದರು. ತಿಂಗಳು ನೋಡಿದ್ದರು. ನೋಡಬೇಕಾದ್ದು ಕಬಿನಿ, ಕನ್ನಂಬಾಡಿಗಳ ಹೊರಹರಿವು ಎಂದು ಅವರಿಗೆ ಹೇಳಿದವರಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗಲೂ ಪಾತ್ರದೊಳಗಿನ ಗುಂಡಿ, ಮಡುಗಳು ಮೇಲಿಂದ ಕಾಣುವುದಿಲ್ಲ. ಎದುರು ದಡದ ಮಾಲಂಗಿಯ ಹೆಸರಿನೊಡನೆ ಮಡುವನ್ನು ಸೇರಿಸಿ ಹೇಳಿದ ಹಿರಿಯರಿಗೆ ಈ ಎಚ್ಚರವಿತ್ತು. ಇಂಥ ಸಾವಿನ ಸುದ್ದಿಯನ್ನು ವರ್ಷ ವರ್ಷವೆಂಬಂತೆ ಪತ್ರಿಕೆಯಲ್ಲಿ ಓದುತ್ತೇವೆ. ಅದೇ ಪತ್ರಿಕೆಯ ವಾರದ ಪುರವಣಿಯಲ್ಲಿ ಅದೇ ಚೌಕ ಮತ್ತೆ ಅಚ್ಚಾಗಿರುತ್ತದೆ. ಎರಡೂ ಪುಟಗಳು ಒಂದನ್ನೊಂದು ಓದುವುದಿಲ್ಲ.

ಇನ್ನೊಂದು ವಿನೋದವೂ ಉಂಟು. ತಲಕಾಡಿಗೆ ಬಂದವರು ಅದೇ ದಿನ ನಮ್ಮ ಕಡೆಯ ಭರಚುಕ್ಕಿಗೂ ಹೋಗುತ್ತಾರೆ. ಅದರ ಚೌಕದಲ್ಲಿ ‘ಸೂಕ್ತ ಕಾಲ: ಜುಲೈನಿಂದ ಅಕ್ಟೋಬರ್’ ಎಂದಿರುತ್ತದೆ. ಅದೇ ಹೊಳೆ, ಅದೇ ನೀರು. ತುಂಬಿದಾಗ ಇಲ್ಲಿ ಸೊಗಸು, ಅಲ್ಲಿ ಅಪಾಯ. ಎರಡು ಸಾಲನ್ನೂ ನಂಬಿದವರಿಗೆ ಎರಡನ್ನೂ ನೋಡಲು ಉಳಿಯುವುದು ಅಕ್ಟೋಬರ್ ಒಂದೇ. ಮಳೆಗಾಲದ ನೀರೂ ಚಿತ್ತೆಯ ಸಿಡಿಲೂ ಕೂಡುವ ತಿಂಗಳು ಅದು!

ಹಾಗಾದರೆ ‘ಸೂಕ್ತ’ ಎಂದರೆ ಯಾರಿಗೆ ಸೂಕ್ತ? ಈ ಪ್ರಶ್ನೆಯನ್ನು ಕೇಳದೆ ವಿಮರ್ಶೆ ಮುಗಿಯದು. ವರ್ಷದ ಯಾವ ವಾರದಲ್ಲಾದರೂ ರಜೆ ಹಾಕಬಲ್ಲವರಿಗೆ ಸೂಕ್ತ ಕಾಲವನ್ನು ಆರಿಸುವ ಸ್ವಾತಂತ್ರ್ಯವಿದೆ. ನಮ್ಮಂಥ ಶಿಕ್ಷಕರಿಗೆ ಇರುವುದು ದಸರೆಯ ರಜೆ, ಬೇಸಿಗೆಯ ರಜೆ. ಕೂಲಿ ಮಾಡುವವರಿಗೆ ಅದೂ ಇಲ್ಲ. ಕಟಾವು ಮುಗಿದ ಮೇಲೆ ಮಾಘದಲ್ಲಿ ಮುಡುಕುತೊರೆ ಜಾತ್ರೆಗೆ ಹೋಗುವುದೇ ಅವರ ಪ್ರವಾಸ. ಭಕ್ತರಿಗಂತೂ ಕಾಲವನ್ನು ಪಂಚಾಂಗ ಗೊತ್ತುಮಾಡುತ್ತದೆ. ಕಾರ್ತಿಕದ ಸೋಮವಾರ, ಅಮಾವಾಸ್ಯೆ, ವಿಶಾಖಾ ನಕ್ಷತ್ರ ಕೂಡಿಬಂದಾಗ ನಡೆಯುವ ಪಂಚಲಿಂಗ ದರ್ಶನ 2009, 2013, 2020ರಲ್ಲಿ ನಡೆಯಿತು. ಎಲ್ಲವೂ ನವೆಂಬರ್ ಡಿಸೆಂಬರ್‌ನಲ್ಲೇ. ಮಳೆ ತೆರವಾಗಿ, ಹೊಳೆ ತಿಳಿಯಾಗಿ, ಮರಳು ಬೆಚ್ಚಗಿರುವ ದಿನಗಳನ್ನು ಹಿರಿಯರು ಹಬ್ಬಕ್ಕೆ ಹೊಂದಿಸಿಕೊಂಡರೋ, ಹಬ್ಬವೇ ಅಲ್ಲಿ ಬಂದು ಕುಳಿತಿತೋ, ಅಂತೂ ಪಂಚಾಂಗ ಈ ವಿಷಯದಲ್ಲಿ ಚೌಕಕ್ಕಿಂತ ಚೊಕ್ಕ. ‘ಅಕ್ಟೋಬರ್‌ನಿಂದ ಮಾರ್ಚ್’ ಎಂಬ ಆರು ತಿಂಗಳಲ್ಲಿ ಆ ಸಾಲಿಗೆ ನಾನು ಅಂಕ ಕೊಡುವುದು ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಮಾತ್ರ. ನೂರಕ್ಕೆ ನಲವತ್ತೈದು. ಪಾಸು, ಆದರೆ ಮೆಚ್ಚತಕ್ಕದ್ದಲ್ಲ.

ಕನ್ನಡದಲ್ಲಿ ಋತುವನ್ನು ಹೀಗೆ ಒಂದು ಸಾಲಿಗೆ ಇಳಿಸುವ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಮಹಾಕಾವ್ಯ ಬರೆಯುವವರಿಗೆ ಅಷ್ಟಾದಶ ವರ್ಣನೆಗಳು ಕಡ್ಡಾಯವಿದ್ದವು, ಅವುಗಳಲ್ಲಿ ಋತುವರ್ಣನೆಯೂ ಒಂದು. ಕಥೆ ನಿಂತರೂ ಚಿಂತೆಯಿಲ್ಲ, ಮಳೆಗಾಲ ಹೇಗಿತ್ತೆಂದು ಹೇಳಿಯೇ ಕವಿ ಮುಂದೆ ಹೋಗಬೇಕಿತ್ತು. ಅದು ಅತಿಯಾಯಿತೆಂದು ನಾವು ತರಗತಿಯಲ್ಲಿ ಆಡಿಕೊಂಡದ್ದುಂಟು. ಇತ್ತೀಚಿನವರಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ನೋಡಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಆ ಪ್ರಾಧ್ಯಾಪಕರ ಬರಹದಲ್ಲಿ ಗಿಡವೂ ನೆಲವೂ ನಡೆಯುವವರ ಪಾಡೂ ಒಟ್ಟಿಗೆ ಬರುತ್ತವೆ. ಸ್ಥಳವೊಂದು ವರ್ಷದ ಹನ್ನೆರಡು ತಿಂಗಳೂ ಒಂದೇ ಸ್ಥಳವಲ್ಲ ಎಂದು ತಿಳಿದವರ ಬರವಣಿಗೆ ಅದು. ಚೌಕದ ಬರಹಗಾರರಿಂದ ನಾನು ಕಾವ್ಯ ಕೇಳುತ್ತಿಲ್ಲ. ನಾಲ್ಕು ಸಾಲಿಗೆ ಹನ್ನೆರಡು ಸಾಲು ಕೇಳುತ್ತಿದ್ದೇನೆ.

ಅದು ಆಗದ ಮಾತಲ್ಲ. ಒಂದು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ, ‘ಹೊರಗಿನವರು ತಲಕಾಡಿಗೆ ಯಾವಾಗ ಬರಬೇಕು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ’ ಎಂದು ಮನೆಪಾಠ ಕೊಟ್ಟಿದ್ದೆ. ಪಠ್ಯದಿಂದ ನಕಲು ಮಾಡಲು ದಾರಿಯಿರಲಿಲ್ಲವಾದ್ದರಿಂದ ಎಲ್ಲರೂ ಕೇಳಿಯೇ ಬರೆದರು. ಒಬ್ಬಳು ಬರೆದಳು: ಆಷಾಢದಲ್ಲಿ ಬುತ್ತಿಯನ್ನು ಬಯಲಲ್ಲಿ ಬಿಚ್ಚಬಾರದು, ಅನ್ನದಲ್ಲಿ ಮರಳು ಕಡಿಯುತ್ತದೆ. ಇನ್ನೊಬ್ಬ: ಚಿತ್ತೆಯಲ್ಲಿ ಬಂದರೆ ಮಧ್ಯಾಹ್ನದೊಳಗೆ ಹೊರಡಿ, ಗುಡುಗಿದರೆ ನೀಲಗಿರಿ ಮರದಡಿ ನಿಲ್ಲಬೇಡಿ. ಮತ್ತೊಬ್ಬಳು: ಮಳೆ ಬಿದ್ದ ಮರುದಿನ ಮರಳು ಗಟ್ಟಿಯಾಗಿರುತ್ತದೆ, ಕಾಲು ಹೂಳುವುದಿಲ್ಲ, ಮಂಡಿನೋವಿನ ನಮ್ಮಜ್ಜಿಯನ್ನು ಅಂದೇ ಕರೆದುಕೊಂಡು ಹೋಗಿದ್ದೆವು. ಯಾವ ಪುಸ್ತಕದಲ್ಲಿ ಈ ಮಾತಿದೆ? ಮೀನು ಹಿಡಿಯುವವರ ಮನೆಯ ಹುಡುಗನ ಹಾಳೆಯಲ್ಲಿ ಎರಡೇ ವಾಕ್ಯವಿತ್ತು: ಹೊಳೆಯ ನೀರು ಕೆಂಪಾದರೆ ಇಳಿಯಬಾರದು. ದಡದ ಕಲ್ಲು ಬೆಳಿಗ್ಗೆ ಕಂಡು ಆಮೇಲೆ ಕಾಣದಿದ್ದರೆ ಓಡಿ ಮೇಲೆ ಬರಬೇಕು.

ಆ ಹಾಳೆಗೆ ನಾನು ಹತ್ತಕ್ಕೆ ಹತ್ತು ಕೊಟ್ಟೆ. ಕಾಗುಣಿತದ ತಪ್ಪುಗಳಿದ್ದವು, ಅದಕ್ಕೆ ಅಂಕ ಕಳೆಯಲಿಲ್ಲ. ಪ್ರವಾಸದ ಪುಸ್ತಕಗಳನ್ನು ಅಚ್ಚು ಹಾಕುವವರು ತಲಕಾಡಿನ ಚೌಕದಲ್ಲಿ ಬೇರೇನೂ ಸೇರಿಸದಿದ್ದರೂ ಆ ಎರಡು ವಾಕ್ಯಗಳನ್ನು ಸೇರಿಸಲಿ. ತಿಂಗಳ ಹೆಸರುಗಳಿಗೆ ಜಾಗ ಸಾಲದಿದ್ದರೆ ಬಿಟ್ಟರೂ ಸರಿಯೆ.